ಒಂದು ನೋಟದ ಚರಿತ್ರೆ

ಕಳೆದ ವರ್ಷ ಬೇಸಗೆಯ ರಜೆಗೆ ಮುಂಚೆ ನಮ್ಮ ಕಾಲೇಜಿನ ಮನಶ್ಶಾಸ್ತ್ರ ವಿಭಾಗದವರು ಹಳೆಯ ಕಪಾಟುಗಳನ್ನು ಖಾಲಿಮಾಡುತ್ತಿದ್ದರು. ಧೂಳು ಹಿಡಿದ ಸಾಮಾನುಗಳ ನಡುವೆ ಕಪ್ಪು ಬಣ್ಣ ಬಳಿದ ಮರದ ಚೌಕಟ್ಟೊಂದು ನನ್ನ ಕಣ್ಣಿಗೆ ಬಿತ್ತು. ಅದರ ನಡುವೆ ಒಂದು ಸಣ್ಣ ಕಿಂಡಿ. ಕಿಂಡಿಯ ಮುಂದೆ ಮೇಲಿನಿಂದ ಕೆಳಕ್ಕೆ ಜಾರಿ ಬೀಳುವ ಒಂದು ತಗಡು. ಇದೇನು ಇಲಿಯ ಬೋನೇ ಎಂದು ಕೇಳಿದೆ. ಆ ವಿಭಾಗದ ಗೆಳೆಯರು ನಕ್ಕು, “ಕೂತುಕೊಳ್ಳಿ ಮೇಷ್ಟ್ರೇ, ನಿಮ್ಮನ್ನೇ ಹಿಡಿಯೋಣ” ಎಂದರು. ಚೌಕಟ್ಟಿನ ಹಿಂದೆ ಒಂದು ಚೀಟಿಯನ್ನು ಸಿಕ್ಕಿಸಿ ತಗಡನ್ನು ಬಿಟ್ಟರು. ಟಕ್ಕೆಂದು ಒಂದು ಸದ್ದು; ಏನೋ ಮಿಂಚಿ ಮಾಯವಾಯಿತು. “ಏನು ಕಂಡಿತು?” ಎಂದರು. “ಪದ್ಯ” ಎಂದೆ, ಲವಲೇಶವೂ ಸಂದೇಹವಿಲ್ಲದೆ. ಚೀಟಿಯನ್ನು ಹೊರಗೆ ತೆಗೆದು ತೋರಿಸಿದರು, ಅದರಲ್ಲಿದ್ದುದು “ಮದ್ಯ”. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವನ ಕಣ್ಣು ಹಾಗಲ್ಲದೆ ಇನ್ನು ಹೇಗೆ ಓದೀತು ಎಂದು ಎಲ್ಲರೂ ನಕ್ಕರು. ಚೀಟಿಯಲ್ಲಿ ಪದ್ಯವಿದ್ದು ನಾನು ಇನ್ನೊಂದನ್ನು ಓದಿದ್ದರೆ ನನ್ನ ಮರ್ಯಾದೆಯ ಗತಿ ಏನಾಗುತ್ತಿತ್ತೋ!

ಆ ಯಂತ್ರದ ಹೆಸರು ಟ್ಯಾಕಿಸ್ಟೋಸ್ಕೋಪು. ಗ್ರೀಕ್ ಭಾಷೆಯಲ್ಲಿ ಅತಿ ವೇಗ, ನೋಡುವುದು ಎಂಬ ಎರಡು ಮಾತುಗಳನ್ನು ಹೊಂದಿಸಿ ಕಟ್ಟಿದ ಪದ. ಕನ್ನಡದಲ್ಲಿ ಬೇಕಾದರೆ ಕ್ಷಣದರ್ಶಕ ಎನ್ನಬಹುದು. ಇದನ್ನು ಮರೆತೇಬಿಡುತ್ತಿದ್ದೆನೋ ಏನೋ. ಆದರೆ ಕೆಲವು ದಿನಗಳಲ್ಲಿಯೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬೆಂಗಳೂರಿನಲ್ಲಿ ಮೊಬೈಲ್ ಫೋನಿನ ಪರದೆಗಳನ್ನು ವಿನ್ಯಾಸಗೊಳಿಸುವುದು ಅವನ ಉದ್ಯೋಗ. ಎಲ್ಲಿ ಗುಂಡಿ ಇರಬೇಕು, ಯಾವ ಬಣ್ಣವಿರಬೇಕು, ಮಾತು ಎಷ್ಟು ದಪ್ಪ ಅಕ್ಷರದಲ್ಲಿರಬೇಕು ಎಂಬುದೆಲ್ಲ ಅವನ ಚಿಂತೆ. ವಿನ್ಯಾಸ ಸರಿಯಾಗಿದೆಯೆಂದು ತಿಳಿಯುವುದು ಹೇಗಪ್ಪ ಎಂದು ಕೇಳಿದೆ. “ಸುಲಭ ಸರ್. ಯಾರಿಗಾದರೂ ಪರದೆಯನ್ನು ಐದು ಸೆಕೆಂಡು ತೋರಿಸುತ್ತೇವೆ. ಆಮೇಲೆ ಮುಚ್ಚಿ, ಇದು ಯಾತರ ಪುಟ, ಏನು ನೆನಪಿದೆ, ಏನನ್ನಿಸಿತು ಎಂದು ಕೇಳುತ್ತೇವೆ. ಅವರಿಗೆ ತಿಳಿಯಲಿಲ್ಲವೆಂದರೆ ತಪ್ಪು ನಮ್ಮದು. ಇದೆಲ್ಲ ಈಚೆಗೆ ಬಂದ ವಿದ್ಯೆ” ಎಂದ. ವಿದ್ಯೆಗೆ ಅಮೆರಿಕದ ಜೇರೆಡ್ ಸ್ಪೂಲ್ ಮತ್ತವರ ಸಂಗಡಿಗರು ಹೆಸರು ತಂದುಕೊಟ್ಟದ್ದು ಈ ಶತಮಾನದ ಮೊದಲ ದಶಕದಲ್ಲಿ ಎಂಬುದು ನಿಜವೇ. ಆದರೆ ಅದರ ಮುತ್ತಜ್ಜನನ್ನು ನಾನು ಕಪಾಟಿನಲ್ಲಿ ನೋಡಿದ್ದೆನಷ್ಟೆ. ಆ ವಂಶಾವಳಿಯನ್ನು ವಾಚಕರ ಮುಂದಿಡಬೇಕೆಂದು ಅಂದೇ ಅನ್ನಿಸಿತು.

ಯಂತ್ರಕ್ಕೆ ಆ ಹೆಸರಿಟ್ಟವನು ಜರ್ಮನಿಯ ಶರೀರಶಾಸ್ತ್ರಜ್ಞ ಫೋಲ್ಕ್‌ಮನ್, 1859ರಲ್ಲಿ. ಯಂತ್ರವಿಲ್ಲದೆಯೂ ಈ ಪ್ರಯೋಗ ಮಾಡಬಹುದೆಂದು ತೋರಿಸಿದವನು ಇಂಗ್ಲೆಂಡಿನ ಜೆವನ್ಸ್. ಅರ್ಥಶಾಸ್ತ್ರ ತರ್ಕಶಾಸ್ತ್ರಗಳಲ್ಲಿ ಹೆಸರಾದ ಈತ ಒಂದು ಡಬ್ಬಿಯೊಳಕ್ಕೆ ಕರಿಯ ಅವರೆಕಾಳಿನಂಥ ಕಾಳುಗಳನ್ನು ಎಸೆದು, ಎಣಿಸದೆ, ಒಂದೇ ನೋಟಕ್ಕೆ ಎಷ್ಟೆಂದು ಹೇಳುವ ಆಟವನ್ನು 1,027 ಸಲ ಆಡಿದನು. ಮೂರು, ನಾಲ್ಕು ಕಾಳುಗಳಿಗೆ ಒಮ್ಮೆಯೂ ತಪ್ಪಲಿಲ್ಲ. ಐದಕ್ಕೆ ಬಂದಾಗ ತಪ್ಪು ತಲೆಹಾಕಿತು. 1871ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಅಳಗುಳಿಮಣೆ ಆಡಿ ಪಳಗಿದ ನಮ್ಮ ಅಜ್ಜಿಯರನ್ನು ಕೂರಿಸಿದ್ದರೆ ಜೆವನ್ಸನ ಲೆಕ್ಕ ಇನ್ನೊಂದೆರಡು ಕಾಳು ಮೇಲಕ್ಕೆ ಏರುತ್ತಿತ್ತೆಂದು ನನ್ನ ಗುಮಾನಿ.

ಆದರೆ ಈ ಕಥೆಯ ನಿಜವಾದ ನಾಯಕ ಕ್ಯಾಟೆಲ್. ಜೇಮ್ಸ್ ಮೆಕ್ಕೀನ್ ಕ್ಯಾಟೆಲ್ ಅಮೆರಿಕದ ಪೆನ್ಸಿಲ್ವೇನಿಯದವನು, ಹುಟ್ಟಿದ್ದು 1860ರಲ್ಲಿ. ಆ ಕಾಲಕ್ಕೆ ಮನಸ್ಸನ್ನು ಅಳೆಯಬೇಕೆಂದವರೆಲ್ಲ ಜರ್ಮನಿಯ ಲೈಪ್‌ಸಿಗ್ ನಗರಕ್ಕೆ ಹೋಗುತ್ತಿದ್ದರು. ವಿಲ್ಹೆಲ್ಮ್ ವುಂಟ್ ಅಲ್ಲಿ 1879ರಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ತೆರೆದಿದ್ದರು. ಕ್ಯಾಟೆಲ್ ನೇರವಾಗಿ ಅವರ ಮುಂದೆ ನಿಂತು, “ಪ್ರೊಫೆಸರರೇ, ತಮಗೊಬ್ಬ ಸಹಾಯಕ ಬೇಕು, ಆ ಸಹಾಯಕ ನಾನೇ” ಎಂದನೆಂಬ ಕಥೆ ಪ್ರಸಿದ್ಧವಾಗಿದೆ. ನಮ್ಮ ಗುರುಕುಲದಲ್ಲಿ ಹೀಗೆಂದಿದ್ದರೆ ದರ್ಭೆ ತರಲು ಕಾಡಿಗೆ ಅಟ್ಟುತ್ತಿದ್ದರು; ವುಂಟ್ ಕೆಲಸ ಕೊಟ್ಟರು.

ಕ್ಯಾಟೆಲ್ ಮಾಡಿದ ಯಂತ್ರದಲ್ಲಿ ಎರಡು ಕಂಬಗಳ ನಡುವೆ ಭಾರವಾದ ಒಂದು ತೆರೆ ವಿದ್ಯುದಯಸ್ಕಾಂತಕ್ಕೆ ಅಂಟಿಕೊಂಡು ನಿಂತಿರುತ್ತಿತ್ತು. ವಿದ್ಯುತ್ತನ್ನು ಕಡಿದೊಡನೆ ತೆರೆ ಕೆಳಕ್ಕೆ ಬೀಳುವುದು. ಅದರಲ್ಲಿನ ಸೀಳು ಚೀಟಿಯ ಮುಂದೆ ಹಾದುಹೋಗುವಷ್ಟು ಹೊತ್ತು ಮಾತ್ರ ಬರಹ ಕಾಣುವುದು. ಆ ಹೊತ್ತೆಂದರೆ ಸೆಕೆಂಡಿನ ನೂರರಲ್ಲಿ ಒಂದು ಪಾಲು. ಕಣ್ಣು ಪಕ್ಕಕ್ಕೆ ಹೊರಳುವುದಕ್ಕೂ ಅದು ಸಾಲದು. ಅಷ್ಟರಲ್ಲಿ ಮನುಷ್ಯ ಏನನ್ನು ಹಿಡಿಯಬಲ್ಲ? ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ಅಕ್ಷರಗಳಾದರೆ ಮೂರೋ ನಾಲ್ಕೋ. ಇದರಲ್ಲಿ ಆಶ್ಚರ್ಯವಿಲ್ಲ, ಜೆವನ್ಸನ ಕಾಳುಗಳೂ ಅಷ್ಟೇ. ಆದರೆ ಅಕ್ಷರಗಳು ಕೂಡಿ ಪದವಾದರೆ ಎರಡು ಇಡೀ ಪದಗಳು ಸಿಕ್ಕಿಬಿಡುತ್ತಿದ್ದವು. ಪದಗಳು ಕೂಡಿ ವಾಕ್ಯವಾದರೆ ನಾಲ್ಕು ಪದಗಳ ವಾಕ್ಯವೇ ಒಟ್ಟಿಗೆ ಸಿಕ್ಕುತ್ತಿತ್ತು! ಬಿಡಿ ಅಕ್ಷರಗಳಲ್ಲಿ ನಾಲ್ಕಕ್ಕೆ ಸೋತ ಕಣ್ಣು ಅರ್ಥವುಳ್ಳ ಮಾತಿನಲ್ಲಿ ಹದಿನೈದು ಇಪ್ಪತ್ತು ಅಕ್ಷರಗಳನ್ನು ಒಂದೇ ತುತ್ತಿಗೆ ನುಂಗುತ್ತಿತ್ತು. 1885, 1886ರಲ್ಲಿ ಅವನು ಇದನ್ನು ಪ್ರಕಟಿಸಿದಾಗ, ನಾವು ಅಕ್ಷರ ಅಕ್ಷರವಾಗಿ ಓದುತ್ತೇವೆಂಬ ಬಹುಕಾಲದ ನಂಬಿಕೆಗೆ ಪೆಟ್ಟು ಬಿತ್ತು.

ಇದರ ಅರ್ಥವನ್ನು ಸ್ವಲ್ಪ ನಿಂತು ಯೋಚಿಸಬೇಕು. ಒಂದು ನೋಟದ ಶಕ್ತಿ ಕಣ್ಣಿನದಲ್ಲ, ಬಳಕೆಯದು. ಹಿಂದೆ ಸಾವಿರ ಸಲ ಕಂಡದ್ದನ್ನೇ ನಾವು ಕ್ಷಣದಲ್ಲಿ ಕಾಣುತ್ತೇವೆ. ಋಷ್ಯಮೂಕದ ಬಳಿ ಭಿಕ್ಷುವೇಷದ ಹನುಮಂತನ ಮೊದಲ ಮಾತಿಗೇ ರಾಮನು ಇವನು ವ್ಯಾಕರಣ ಬಲ್ಲವನೆಂದು ಲಕ್ಷ್ಮಣನಿಗೆ ಹೇಳಿದನಷ್ಟೆ. ರಾಮನಿಗೆ ವ್ಯಾಕರಣ ತಿಳಿದಿದ್ದುದರಿಂದ ಅದು ಸಾಧ್ಯವಾಯಿತು! ನಾನು ಮದ್ಯವನ್ನು ಪದ್ಯವೆಂದು ಓದಿದುದಕ್ಕೂ ಇದೇ ಕಾರಣ. ಬೇಗ ಕಾಣುವುದೂ ತಪ್ಪು ಕಾಣುವುದೂ ಒಂದೇ ತಾಯಿಯ ಮಕ್ಕಳು.

ಕ್ಯಾಟೆಲ್ ಅಕ್ಷರಗಳನ್ನೂ ಪರೀಕ್ಷೆಗೆ ಒಡ್ಡಿದನು. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ‘ಡಬ್ಲ್ಯು’ ಎಲ್ಲಕ್ಕಿಂತ ಬೇಗ ಕಂಡಿತು. ‘ಇ’ ಎಲ್ಲಕ್ಕಿಂತ ಹಿಂದೆ ಬಿತ್ತು. ಆ ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಅಕ್ಷರ ‘ಇ’ ಎಂಬುದನ್ನು ನೆನೆದರೆ ಲಿಪಿಕಾರರ ಮುಂದಾಲೋಚನೆಗೆ ಏನೆನ್ನೋಣ! ಜರ್ಮನರ ಹಳೆಯ ಮುರುಕು ಅಚ್ಚಿನ ಅಕ್ಷರ ಕಣ್ಣಿಗೆ ವೃಥಾ ಶ್ರಮವೆಂದೂ ಅವನು ಜರ್ಮನಿಯಲ್ಲೇ ಕುಳಿತು ಬರೆದನು. ಅದಕ್ಕೆ ಕೆಲವು ವರ್ಷ ಮುಂಚೆ ಪ್ಯಾರಿಸ್ಸಿನ ಕಣ್ಣಿನ ವೈದ್ಯ ಜಾವಾಲ್‌ನ ಪ್ರಯೋಗಶಾಲೆಯಲ್ಲಿ, ಓದುವಾಗ ಕಣ್ಣು ಸಾಲಿನ ಮೇಲೆ ಹರಿಯುವುದಿಲ್ಲ, ಕುಪ್ಪಳಿಸುತ್ತದೆ, ಕುಪ್ಪಳಿಸಿ ನಿಂತಾಗ ಮಾತ್ರ ಓದುತ್ತದೆ ಎಂಬುದು ಗೊತ್ತಾಗಿತ್ತು. ಎಂದರೆ ಓದೆಲ್ಲವೂ ಬಿಡಿಬಿಡಿ ನೋಟಗಳ ಮಾಲೆ. ಓದಿನ ಕಣ್ಣನ್ನು ಜಗತ್ತಿಗೆ ತೋರಿಸಿದ ಜಾವಾಲ್ ಕೊನೆಗಾಲದಲ್ಲಿ ಪೂರ್ತಿ ಕುರುಡನಾದನು. ಓದುಬರಹದ ಶರೀರಶಾಸ್ತ್ರವನ್ನು ಕುರಿತ ಅವನ ಗ್ರಂಥ 1905ರಲ್ಲಿ ಬಂದದ್ದು ಆ ಸ್ಥಿತಿಯಲ್ಲಿ.

ಇಲ್ಲಿ ನನ್ನ ಸ್ವಂತ ಹೊಲದ ಮಾತೊಂದನ್ನು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ರೋಮನ್ ಲಿಪಿಯಲ್ಲಿ ಸಾಲಿನ ಮೇಲರ್ಧವನ್ನು ನೋಡಿದರೆ ಹೆಚ್ಚು ಕಡಿಮೆ ಓದಿಬಿಡಬಹುದು, ಕೆಳಗಿನರ್ಧದಿಂದ ಕಷ್ಟ. ಕನ್ನಡದಲ್ಲಿ ಈ ಲೆಕ್ಕ ನಡೆಯದು. ಮೇಲುಗಡೆ ಬಹುಪಾಲು ಅಕ್ಷರಗಳಿಗೆ ಒಂದೇ ತಲೆಕಟ್ಟು. ರಕಾರಕ್ಕೂ ಠಕಾರಕ್ಕೂ ನಡುವೆ ಇರುವುದು ಒಂದು ಚುಕ್ಕೆ. ದಕಾರ, ಧಕಾರ, ಥಕಾರಗಳ ಭೇದ ಒಂದು ಸೀಳು, ಒಂದು ಬೊಟ್ಟು. ಪಕಾರದ ಹೊಟ್ಟೆಯಲ್ಲಿ ಒಂದು ಗೀಟೆಳೆದರೆ ಷಕಾರ. ಅದೂ ಸಾಲದೆಂದು ಒತ್ತಕ್ಷರಗಳು ಸಾಲಿನ ಕೆಳಗೆ ಜೋತುಬಿದ್ದಿರುತ್ತವೆ. ಪುಸ್ತಕದಲ್ಲಿ ಇದರಿಂದ ಬಾಧೆಯಿಲ್ಲ. ನಿಧಾನವಾಗಿ ಓದುತ್ತೇವೆ, ಅಂದವೂ ಇದೆ. ಆದರೆ ಇಂಗ್ಲಿಷಿಗೆಂದು ಅಳತೆಮಾಡಿದ ಗುಂಡಿಯೊಳಕ್ಕೆ ಕನ್ನಡವನ್ನು ತುರುಕಿದಾಗ ಒತ್ತುಗಳ ಕಾಲು ಕತ್ತರಿಸಿಹೋಗುತ್ತದೆ, ಚುಕ್ಕೆಗಳು ಮುಚ್ಚಿಹೋಗುತ್ತವೆ. ಬಸ್ಸಿನ ಫಲಕದಲ್ಲಿ, ಫೋನಿನಲ್ಲಿ, ದಿನವೂ ಇದನ್ನು ಕಾಣುತ್ತೇವೆ. ಕ್ಯಾಟೆಲ್ ಇಂಗ್ಲಿಷ್ ಅಕ್ಷರಗಳಿಗೆ ನೂರನಲವತ್ತು ವರ್ಷಗಳ ಹಿಂದೆ ಮಾಡಿದ ಪರೀಕ್ಷೆಯನ್ನು ನಮ್ಮ ಅಕ್ಷರಗಳಿಗೂ ಮಾಡಿ, ಅನಂತರ ಗುಂಡಿಯ ಅಳತೆ ಗೊತ್ತುಮಾಡುವುದು ನ್ಯಾಯ.

ಅದಿರಲಿ. ಈ ನೋಟದ ವಿದ್ಯೆ ಪ್ರಯೋಗಶಾಲೆಯ ಹೊಸಲು ದಾಟಿ ಪ್ರಾಣದ ಪ್ರಶ್ನೆಯಾದದ್ದು ಎರಡನೆಯ ಮಹಾಯುದ್ಧದಲ್ಲಿ. ಆಕಾಶದಲ್ಲಿ ಕಂಡ ವಿಮಾನ ನಮ್ಮದೋ ಶತ್ರುವಿನದೋ? ಫಿರಂಗಿಯ ಬಳಿ ನಿಂತವನಿಗೆ ಯೋಚಿಸಲು ಇರುತ್ತಿದ್ದುದು ಕೆಲವೇ ಕ್ಷಣ. ಮೊದಲು ಕಲಿಸುತ್ತಿದ್ದ ಕ್ರಮದಲ್ಲಿ ರೆಕ್ಕೆ, ಎಂಜಿನು, ಒಡಲು, ಬಾಲ ಎಂದು ಒಂದೊಂದಾಗಿ ನೋಡಿ ತೀರ್ಮಾನಿಸಬೇಕಾಗಿತ್ತು; ಅಷ್ಟರಲ್ಲಿ ವಿಮಾನ ತಲೆಯ ಮೇಲಿರುತ್ತಿತ್ತು. ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಸ್ಯಾಮ್ಯುಯೆಲ್ ರೆನ್‌ಷಾ ಕ್ಷಣದರ್ಶಕವನ್ನು ಹೊರತೆಗೆದರು. ವಿಮಾನಗಳ, ಹಡಗುಗಳ ಚಿತ್ರಗಳನ್ನು ಪರದೆಯ ಮೇಲೆ ಸೆಕೆಂಡಿನ ನೂರರಲ್ಲೊಂದು ಪಾಲಿನವರೆಗೂ ಇಳಿಸಿ ಮಿಂಚಿಸಿ, ಬಿಡಿ ಭಾಗಗಳನ್ನು ಮರೆತು ಒಟ್ಟು ಆಕಾರವನ್ನು ಹಿಡಿಯುವಂತೆ ಅಮೆರಿಕದ ನೌಕಾದಳದವರನ್ನು ಪಳಗಿಸಿದರು. ಕ್ಯಾಟೆಲನ ಪಾಠವನ್ನೇ ಅವರು ವಿಮಾನಕ್ಕೆ ಅನ್ವಯಿಸಿದುದು.

ಹೀಗಿದ್ದೂ 1943ರ ಜುಲೈ 11ರ ರಾತ್ರಿ ಸಿಸಿಲಿ ದ್ವೀಪದ ಮೇಲೆ ಘೋರವಾದುದೊಂದು ನಡೆದುಹೋಯಿತು. ಅಮೆರಿಕದ ಸೈನಿಕರನ್ನು ಹೊತ್ತ 144 ವಿಮಾನಗಳು ಬಂದಾಗ ಅವರದೇ ಹಡಗುಗಳ, ಅವರದೇ ದಡದ ಫಿರಂಗಿಗಳು ಗುಂಡು ಹಾರಿಸಿದವು. 23 ವಿಮಾನಗಳು ಉರುಳಿದವು. ಮುಂದಿನ ವರ್ಷ ಜೂನಿನಲ್ಲಿ ನಾರ್ಮಂಡಿಯ ದಾಳಿ ನಡೆಯಬೇಕಾಗಿದ್ದಾಗ ಸೇನಾನಾಯಕರು ಮತ್ತೊಂದು ದಾರಿ ಹಿಡಿದರು. ವಿಮಾನಗಳ ರೆಕ್ಕೆಗೂ ಒಡಲಿಗೂ ಮೂರು ಬಿಳಿ, ಎರಡು ಕಪ್ಪು ಪಟ್ಟೆಗಳನ್ನು ಬಳಿಯಬೇಕೆಂದು ಆಜ್ಞೆಯಾಯಿತು. ಗುಟ್ಟು ಬಯಲಾಗದಿರಲೆಂದು ಕೊನೆಯ ಒಂದೆರಡು ದಿನಗಳಲ್ಲಿ, ಕೈಗೆ ಸಿಕ್ಕ ಕುಂಚದಿಂದ, ಸೊಟ್ಟಪಟ್ಟ ಗೆರೆಗಳಲ್ಲಿ ಬಳಿದರು. ಪಟ್ಟೆಯುಳ್ಳದ್ದು ನಮ್ಮದು, ಮುಗಿಯಿತು.

ನನ್ನ ದೃಷ್ಟಿಯಲ್ಲಿ ಈ ಚರಿತ್ರೆ ತಿರುವು ಪಡೆದದ್ದು ಇಲ್ಲಿ. ರೆನ್‌ಷಾ ಕಣ್ಣನ್ನು ತಿದ್ದಿದರು. ಪಟ್ಟೆ ಬಳಿದವರು ವಸ್ತುವನ್ನು ತಿದ್ದಿದರು. ನೋಡುವವನಿಗೆ ತಿಳಿಯದಿದ್ದರೆ ತಪ್ಪು ನಮ್ಮದು ಎಂದು ನನ್ನ ವಿದ್ಯಾರ್ಥಿ ಹೇಳಿದನಲ್ಲ, ಆ ಮಾತಿನ ಬೀಜ ಈ ಸೊಟ್ಟ ಪಟ್ಟೆಗಳಲ್ಲಿದೆ.

ನಮ್ಮ ದೇಶವೂ ಇಂಥದೊಂದು ಪಟ್ಟೆಯನ್ನು ಬಳಿದದ್ದುಂಟು. 1951ರ ಜನಗಣತಿಯಂತೆ ಓದುಬಲ್ಲವರು ನೂರಕ್ಕೆ ಹದಿನೆಂಟು ಮಂದಿ. ಮತ ಹಾಕಬೇಕಾದವರು ವಯಸ್ಸಿಗೆ ಬಂದ ಎಲ್ಲರೂ. 1951–52ರ ಮೊದಲ ಮಹಾಚುನಾವಣೆಯಲ್ಲಿ ಅಭ್ಯರ್ಥಿಗೊಂದರಂತೆ ಪೆಟ್ಟಿಗೆಯಿಟ್ಟು, ಅದರ ಮೇಲೆ ಚಿಹ್ನೆ ಅಂಟಿಸಿದರು. ನೊಗ ಹೊತ್ತ ಜೋಡೆತ್ತು, ಗುಡಿಸಲು, ಮರ, ದೀಪ, ತೆನೆ ಕುಡುಗೋಲು. ಇವೆಲ್ಲ ಹಳ್ಳಿಯವರು ನಿತ್ಯ ಕಾಣುವ ವಸ್ತುಗಳೆಂಬುದನ್ನು ಗಮನಿಸಬೇಕು. ಮಹಾಕಾವ್ಯದ ಲಾಂಛನವಲ್ಲ, ಹಿತ್ತಿಲಿನ ವಸ್ತು. ಒಂದರಂತೆ ಇನ್ನೊಂದು ಕಂಡರೆ ಏನಾಗುತ್ತದೆಂಬುದಕ್ಕೆ ಈಚಿನ ಉದಾಹರಣೆಯೂ ಇದೆ. ತೆಲಂಗಾಣದಲ್ಲಿ ಕಾರಿನ ಚಿಹ್ನೆಯ ಪಕ್ಷದವರು ರೋಡ್ ರೋಲರಿನ ಚಿಹ್ನೆ ತಮ್ಮ ಮತದಾರರನ್ನು ದಾರಿ ತಪ್ಪಿಸುತ್ತಿದೆಯೆಂದು ಮತ್ತೆ ಮತ್ತೆ ದೂರಿದರು. ಹೆಸರಿನ ಗೊಂದಲ ಬೇಡವೆಂದು 2015ರಿಂದ ಅಭ್ಯರ್ಥಿಗಳ ಭಾವಚಿತ್ರಗಳೂ ಮತಯಂತ್ರದ ಮೇಲೆ ಬಂದವು.

ವರ್ತಕರು ಸುಮ್ಮನಿರುತ್ತಾರೆಯೇ? ಯುದ್ಧಾನಂತರ ಕ್ಷಣನೋಟದ ಮಾತು ಅಂಗಡಿಬೀದಿಗೆ ಇಳಿಯಿತು. 1957ರಲ್ಲಿ ಜೇಮ್ಸ್ ವಿಕರಿ ಎಂಬ ಅಮೆರಿಕದ ಮಾರುಕಟ್ಟೆ ಪಂಡಿತ, ನ್ಯೂಜೆರ್ಸಿಯ ಚಿತ್ರಮಂದಿರವೊಂದರಲ್ಲಿ ಸಿನಿಮಾದ ನಡುವೆ ಸೆಕೆಂಡಿನ ಮೂರುಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ‘ಪಾಪ್‌ಕಾರ್ನ್ ತಿನ್ನಿ’, ‘ಕೋಕಾಕೋಲಾ ಕುಡಿಯಿರಿ’ ಎಂದು ಮಿಂಚಿಸಿದುದಾಗಿಯೂ, ಪಾಪ್‌ಕಾರ್ನಿನ ಮಾರಾಟ ಶೇಕಡ 57.8ರಷ್ಟು ಏರಿತೆಂದೂ ಸಾರಿದನು. ದಶಮಾಂಶದವರೆಗೆ ಲೆಕ್ಕ ಕೊಡುವವನನ್ನು ಯಾರು ತಾನೇ ನಂಬುವುದಿಲ್ಲ! ಪತ್ರಿಕೆಗಳು ಹುಯಿಲೆಬ್ಬಿಸಿದವು. 1962ರಲ್ಲಿ ಅವನೇ ತನ್ನ ಬಳಿ ಹೇಳಿಕೊಳ್ಳುವಂಥ ಆಧಾರವೇನೂ ಇರಲಿಲ್ಲವೆಂದು ಒಪ್ಪಿಕೊಂಡನು. ಆದರೂ ಆ ಕಥೆಯನ್ನು ಇಂದಿಗೂ ಸತ್ಯವೆಂದು ಹೇಳುವವರುಂಟು; ನಮ್ಮ ಅಧ್ಯಾಪಕರ ಕೊಠಡಿಯಲ್ಲಿಯೇ ಇದ್ದಾರೆ.

ಇದಕ್ಕಿಂತ ಗಂಭೀರವಾದುದು ಇಂಗ್ಲೆಂಡಿನ ರಸ್ತೆ ಫಲಕಗಳ ವ್ಯಾಜ್ಯ. 1958ರಲ್ಲಿ ಅಲ್ಲಿ ಮೊದಲ ಮೋಟಾರು ಹೆದ್ದಾರಿ ತೆರೆದಾಗ ಜಾಕ್ ಕಿನೀರ್, ಮಾರ್ಗರೆಟ್ ಕಾಲ್ವರ್ಟ್ ಇಬ್ಬರೂ ಸಣ್ಣಕ್ಷರಗಳ ಸರಳ ಫಲಕಗಳನ್ನು ರಚಿಸಿದರು. ಕಲ್ಲಿನಲ್ಲಿ ಅಕ್ಷರ ಕೆತ್ತುವ ಕಲಾವಿದ ಡೇವಿಡ್ ಕಿಂಡರ್ಸ್‌ಲಿ ಇದನ್ನು ಒಪ್ಪದೆ ತಾನೇ ದೊಡ್ಡಕ್ಷರಗಳ ಮಾದರಿಯೊಂದನ್ನು ಮಾಡಿದನು. ರಸ್ತೆ ಸಂಶೋಧನಾಲಯದವರು ಬೆನ್ಸನ್ ವಿಮಾನ ನಿಲ್ದಾಣದಲ್ಲಿ ಜನರನ್ನು ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿ, ಫಲಕಗಳನ್ನು ತಲೆಯ ಮೇಲೆ ಹೊತ್ತ ಕಾರೊಂದನ್ನು ಅವರತ್ತ ಓಡಿಸಿದರು. ಯಾವ ದೂರದಲ್ಲಿ ಓದಲಾಯಿತೆಂದು ಅಳೆದರು. ಕಿಂಡರ್ಸ್‌ಲಿಯ ಅಕ್ಷರಗಳು ಶೇಕಡ ಮೂರರಷ್ಟು ಮುಂದೆ ನಿಂತವು. ಆದರೆ ಸರ್ಕಾರ ಆರಿಸಿದ್ದು ಕಿನೀರ್–ಕಾಲ್ವರ್ಟ್‌ರ ಫಲಕಗಳನ್ನು. 1965ರ ಜನವರಿ 1ರಿಂದ ಅವು ಜಾರಿಗೆ ಬಂದವು. ಅವು ಹೆಚ್ಚು ಅಂದವಾಗಿದ್ದವು ಎಂಬುದೇ ನಿರ್ಣಾಯಕವಾಯಿತು. ಅಳತೆಗೋಲು ಒಂದನ್ನು ಹೇಳಿತು, ಮನಸ್ಸು ಇನ್ನೊಂದನ್ನು ಬಯಸಿತು. ಇದು ಅನ್ಯಾಯವೆಂದು ನನಗೆ ತೋರುವುದಿಲ್ಲ. ಮೂರಂಶದ ಅಂತರಕ್ಕಾಗಿ ಇಡೀ ದೇಶದ ರಸ್ತೆಗಳನ್ನು ಕುರೂಪಗೊಳಿಸಬೇಕಿಲ್ಲ. ಕಿಂಡರ್ಸ್‌ಲಿಯ ಹೊಟ್ಟೆಯುರಿ ಮಾತ್ರ ಅರ್ಥವಾಗುವಂಥದು.

ಅಂದ ಮತ್ತು ಅನುಕೂಲಗಳ ಈ ಗಂಟು ಇನ್ನೂ ಬಿಗಿಯಾದುದೆಂದು ಆಮೇಲೆ ತಿಳಿಯಿತು. 1995ರಲ್ಲಿ ಜಪಾನಿನ ಕುರೊಸು ಮತ್ತು ಕಾಶಿಮುರ ಎಂಬಿಬ್ಬರು ಬ್ಯಾಂಕಿನ ಹಣಯಂತ್ರದ ಗುಂಡಿಗಳನ್ನು ಇಪ್ಪತ್ತಾರು ಬಗೆಯಲ್ಲಿ ಜೋಡಿಸಿ, 252 ಮಂದಿಗೆ ತೋರಿಸಿದರು. ಯಾವುದು ಅಂದವೆಂದು ಕಂಡಿತೋ ಅದೇ ಸುಲಭವೆಂದೂ ಅವರಿಗೆ ತೋರಿತು. ಮುಟ್ಟಿ ಬಳಸಿ ನೋಡುವುದಕ್ಕೆ ಮುಂಚೆಯೇ. ಇದು ಸೌಂದರ್ಯಪ್ರಿಯರಾದ ಜಪಾನೀಯರ ವಿಶೇಷವಿರಬೇಕು, ನಮ್ಮಲ್ಲಿ ನಡೆಯದು ಎಂದುಕೊಂಡು ಇಸ್ರೇಲಿನ ಟ್ರಾಕ್ಟಿನ್‌ಸ್ಕಿ 1997ರಲ್ಲಿ ಅದನ್ನೇ ಮಾಡಿ ನೋಡಿದನು. ಅಲ್ಲಿ ಗಂಟು ಇನ್ನೂ ಬಿಗಿಯಾಗಿ ಕಂಡಿತು! 2006ರಲ್ಲಿ ಕೆನಡದ ಗಿಟ್ಟೆ ಲಿಂಡ್‌ಗಾರ್ಡ್ ಮತ್ತವರ ಸಂಗಡಿಗರು ಕಂಪ್ಯೂಟರ್ ಪುಟಗಳನ್ನು ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು ತೋರಿಸಿ ಅಂದಚೆಂದ ಕೇಳಿದರು. ಹತ್ತುಪಟ್ಟು ಹೆಚ್ಚು ಹೊತ್ತು ನೋಡಿದವರ ಅಭಿಪ್ರಾಯಕ್ಕೂ ಅದಕ್ಕೂ ಹೆಚ್ಚಿನ ಭೇದವಿರಲಿಲ್ಲ. ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋದ ನಮ್ಮ ಹಿರಿಯರು ಕಾಫಿ ಬರುವುದಕ್ಕೆ ಮುಂಚೆಯೇ ತೀರ್ಮಾನಿಸಿಬಿಡುತ್ತಿದ್ದರಲ್ಲ, ಹಾಗೆ.

ಹಾಗಾದರೆ ಐದು ಸೆಕೆಂಡು ಧಾರಾಳವೇ ಆಯಿತು. ಆದರೆ ನನ್ನ ವಿದ್ಯಾರ್ಥಿಗೆ ನಾನು ಕೇಳಿದ ಪ್ರಶ್ನೆ ಬೇರೆ. ಪರದೆ ಮುಚ್ಚಿದ ಮೇಲೆ “ಏನು ನೆನಪಿದೆ” ಎಂದು ಕೇಳುತ್ತೀಯಲ್ಲ, ಕಂಡದ್ದೂ ಹೇಳಿದ್ದೂ ಒಂದೇ ಎಂದು ಹೇಗೆ ಹೇಳುತ್ತೀ? 1960ರಲ್ಲಿ ಜಾರ್ಜ್ ಸ್ಪರ್ಲಿಂಗ್ ಇದನ್ನೇ ಬಹು ಚೆನ್ನಾಗಿ ತೋರಿಸಿಕೊಟ್ಟಿದ್ದನು. ಸಾಲಿಗೆ ನಾಲ್ಕರಂತೆ ಮೂರು ಸಾಲು ಅಕ್ಷರಗಳನ್ನು ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು ತೋರಿಸಿದರೆ ಜನ ನಾಲ್ಕೈದನ್ನು ಹೇಳಿ ನಿಲ್ಲುತ್ತಿದ್ದರು. ಆದರೆ “ಎಲ್ಲವೂ ಕಂಡಿತ್ತು, ಹೇಳುವಷ್ಟರಲ್ಲಿ ಜಾರಿಹೋಯಿತು” ಎನ್ನುತ್ತಿದ್ದರು. ಸ್ಪರ್ಲಿಂಗ್ ಅವರ ಮಾತನ್ನು ತಳ್ಳಿಹಾಕಲಿಲ್ಲ. ಅಕ್ಷರಗಳು ಮರೆಯಾದೊಡನೆ ಒಂದು ಸ್ವರ ನುಡಿಸಿದನು: ತಾರಸ್ವರಕ್ಕೆ ಮೇಲಿನ ಸಾಲು, ಮಧ್ಯಕ್ಕೆ ನಡುವಣದು, ಮಂದ್ರಕ್ಕೆ ಕೆಳಗಿನದು. ಯಾವ ಸಾಲನ್ನು ಕೇಳಿದರೂ ನಾಲ್ಕರಲ್ಲಿ ಸುಮಾರು ಮೂರನ್ನು ಹೇಳಿದರು! ಅಂದರೆ ಮೂರು ಸಾಲುಗಳೂ ಒಂದು ಕ್ಷಣ ಅವರೊಳಗೆ ಇದ್ದವು. ದುಷ್ಯಂತನು ಶಕುಂತಲೆಯನ್ನು ಕಾಣದೆ ಇದ್ದವನಲ್ಲ, ಉಂಗುರ ಬೇಕಾಗಿತ್ತು. ಸ್ಪರ್ಲಿಂಗನ ಸ್ವರ ಆ ಉಂಗುರ. ಐದು ಸೆಕೆಂಡಿನ ಪರೀಕ್ಷೆಯಲ್ಲಿ ಉಂಗುರವಿಲ್ಲ. ಮಾತು ಬಲ್ಲವನು ಗೆಲ್ಲುತ್ತಾನೆ. ವಿದ್ಯಾರ್ಥಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವು ಕರೆಯುವುದು ಸಾಮಾನ್ಯವಾಗಿ ನಮ್ಮಂಥವರನ್ನೇ ಸರ್” ಎಂದ. ಪ್ರಾಮಾಣಿಕ ಹುಡುಗ.

ಈ ಮಾತು ನನ್ನನ್ನು ಚುಚ್ಚಿದುದಕ್ಕೆ ಮನೆಯಲ್ಲೇ ಒಂದು ಕಾರಣವಿದೆ. ನನ್ನ ಚಿಕ್ಕಮ್ಮನಿಗೆ ಎಪ್ಪತ್ತನಾಲ್ಕು ವರ್ಷ. ಶಾಲೆಯ ಮುಖ ನೋಡಿದವರಲ್ಲ. 1990ರ ದಶಕದಲ್ಲಿ ಸಾಕ್ಷರತಾ ಆಂದೋಲನದವರು ಸಂಜೆ ಹೊತ್ತು ಊರ ಗುಡಿಯಲ್ಲಿ ಕಲಿಸಿದ ಅಕ್ಷರ. ಇಂದಿಗೂ ಬೆರಳಿಟ್ಟು, ತುಟಿಯಲ್ಲಾಡಿಸಿ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ. ನೋಟುಗಳನ್ನಾದರೆ ಬಣ್ಣ ಕಂಡೊಡನೆ ಎಣಿಸಿಬಿಡುತ್ತಾರೆ. ಕ್ಯಾಟೆಲನ ಯಂತ್ರವೂ ಅವರನ್ನು ಸೋಲಿಸಲಾರದು. ಅಂಥವರಿಗೆ ಪಿಂಚಣಿ ಬರುವುದು ಬ್ಯಾಂಕಿನ ಹಣಯಂತ್ರದಿಂದ. ಮೊದಲ ದಿನ ಅವರೇ ಹಟ ಹಿಡಿದು ಕನ್ನಡವನ್ನು ಒತ್ತಿಸಿದರು. “ನಿ… ಮ್ಮ… ಖಾ…” ಎನ್ನುವಷ್ಟರಲ್ಲಿ ಪುಟ ಬದಲಾಯಿತು. ಇನ್ನೂ ಸಮಯ ಬೇಕೇ ಎಂದು ಯಂತ್ರ ಕೇಳಿತು. ಆ ಪ್ರಶ್ನೆಯನ್ನು ಓದಿ ಮುಗಿಸುವಷ್ಟರಲ್ಲಿ ಕಾರ್ಡು ಹೊರಕ್ಕೆ ಬಂತು. “ಉತ್ರ ಕೇಳ್ದೆ ಹೋಗೋದಾದ್ರೆ ಕೇಳಿದ್ದಾದ್ರೂ ಯಾಕಪ್ಪಾ?” ಎಂದರು.

ಆಮೇಲೆ ಅವರು ಓದುವುದನ್ನೇ ಬಿಟ್ಟು ಜಾಗವನ್ನು ಕಲಿತರು. ಬಲಗಡೆ ಕೆಳಗಿನಿಂದ ಎರಡನೆಯದು, ಆಮೇಲೆ ಎಡಗಡೆ ಮೊದಲನೆಯದು. ಎರಡು ವರ್ಷ ಒಬ್ಬರೇ ಹೋಗಿ ಹಣ ತಂದರು. ಹೋದ ಕಾರ್ತಿಕದಲ್ಲಿ ಯಂತ್ರದವರು ಪರದೆಯನ್ನು ಹೊಸದಾಗಿ ಅಂದಗೊಳಿಸಿದರು. ಗುಂಡಿಗಳು ದುಂಡಗಾದವು, ಬಣ್ಣ ಬಂತು, ಎಲ್ಲವೂ ನಡುವಿಗೆ ಸರಿದವು. ನಾನು ನೋಡಿದೆ, ನಿಜವಾಗಿಯೂ ಚೆನ್ನಾಗಿದೆ, ಒಂದೇ ನೋಟಕ್ಕೆ ತಿಳಿಯುತ್ತದೆ. ಚಿಕ್ಕಮ್ಮ ಅಂದು ಬರಿಗೈಯಲ್ಲಿ ಹಿಂತಿರುಗಿ ಬಂದು ಜಗಲಿಯ ಮೇಲೆ ಕುಳಿತಿದ್ದರು. ಈಗ ತಿಂಗಳ ಮೊದಲ ವಾರ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನನ್ನ ಕಾಲೇಜು ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತಿರುತ್ತಾರೆ. ಯಂತ್ರದ ಮುಂದೆ ನಾನು ಒತ್ತುತ್ತೇನೆ. ಅವರು ಪಕ್ಕದಲ್ಲಿ ನಿಂತು ಗುಂಡಿಗಳ ಜಾಗವನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿಕೊಳ್ಳುತ್ತಿರುತ್ತಾರೆ.